ಸಾಲಿಸಿಟರ್ ಪರೀಕ್ಷೆಗೆ ಸಿದ್ಧತೆ

ಕಳೆದ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯವರೊಡನೆ ನಮ್ಮನ್ನು ಕಾಣಲು ಬಂದಿದ್ದಳು. ಕಾನೂನಿನ ಪದವಿ ಮುಗಿಸಿ, ಇಲ್ಲಿ ವಕೀಲಿಯ ಸನ್ನದನ್ನೂ ಪಡೆದು, ಇಂಗ್ಲೆಂಡಿನಲ್ಲಿ ಸಾಲಿಸಿಟರಳಾಗಬೇಕೆಂಬ ಹಂಬಲದಿಂದ ಆ ದೇಶದ ಅರ್ಹತಾ ಪರೀಕ್ಷೆಗೆ ಕುಳಿತಿದ್ದಳು. ಮೊದಲ ಹಂತದ ಎರಡು ಪತ್ರಿಕೆಗಳಲ್ಲಿ ಒಂದರಲ್ಲಿ ತೇರ್ಗಡೆಯಾಗಿ ಇನ್ನೊಂದರಲ್ಲಿ ಸೋತಿದ್ದಳು. ತಂದೆಯವರು ಬಹಳ ಮಾತನಾಡಲಿಲ್ಲ. "ಹಣವನ್ನು ಹೇಗಾದರೂ ಹೊಂದಿಸಬಹುದು, ಆದರೆ ಇವಳು ಎಡವಿದ್ದು ಎಲ್ಲಿ ಎಂಬುದು ತಿಳಿಯಬೇಡವೇ?" ಎಂದಷ್ಟೇ ಕೇಳಿದರು. ಅವರಿಗೆ ಅಂದು ಕೊಟ್ಟ ಉತ್ತರವನ್ನೇ ತುಸು ವಿಸ್ತರಿಸಿ ಇಲ್ಲಿ ಬರೆದಿದ್ದೇವೆ.

ಸಾಲಿಸಿಟರನೆಂದರೆ ಯಾರೆಂಬುದನ್ನು ಮೊದಲು ಹೇಳಬೇಕು. ನಮ್ಮಲ್ಲಿ 1961ರ ಅಡ್ವೊಕೇಟರ ಕಾಯಿದೆ ಬಂದಮೇಲೆ ಕಕ್ಷಿಗಾರನಿಗೆ ಸಲಹೆ ಹೇಳುವವರೂ ನ್ಯಾಯಾಲಯದಲ್ಲಿ ವಾದಿಸುವವರೂ ಅಡ್ವೊಕೇಟರೆಂಬ ಒಂದೇ ವರ್ಗವಾದರು. ಇಂಗ್ಲೆಂಡಿನಲ್ಲಿ ಆ ಭೇದವು ಇಂದಿಗೂ ಉಳಿದಿದೆ. ಉನ್ನತ ನ್ಯಾಯಾಲಯಗಳಲ್ಲಿ ವಾದಿಸುವುದು ಮುಖ್ಯವಾಗಿ ಬ್ಯಾರಿಸ್ಟರರ ಕೆಲಸ. ಕಕ್ಷಿಗಾರನ ಅಹವಾಲನ್ನು ಕೇಳುವುದು, ಕ್ರಯಪತ್ರ ಮರಣಶಾಸನಗಳನ್ನು ಬರೆಯುವುದು, ಅವನ ಹಣವನ್ನು ಒಪ್ಪಿಸಿಕೊಂಡು ಕಾಯುವುದು ಸಾಲಿಸಿಟರರ ಕೆಲಸ.

ಈ ಬಾಗಿಲು ಹೆಂಗಸರಿಗೆ ತೆರೆದು ಬಹಳ ಕಾಲವಾಗಿಲ್ಲ. ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ್ದ ಗ್ವಿನೆತ್ ಬೆಬ್ ಎಂಬಾಕೆಯನ್ನು ಪರೀಕ್ಷೆಗೆ ಕೂರಿಸಲು ಅಲ್ಲಿನ ಲಾ ಸೊಸೈಟಿ ಒಪ್ಪಲಿಲ್ಲ. ಆಕೆ ದಾವೆ ಹೂಡಿದಳು. 1843ರ ಕಾಯಿದೆಯಲ್ಲಿ ಬರುವ 'ವ್ಯಕ್ತಿ' ಎಂಬ ಶಬ್ದದಲ್ಲಿ ಸ್ತ್ರೀಯು ಅಡಕವಾಗುವುದಿಲ್ಲವೆಂದು 1913ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು! 1919ರ ಕಾಯಿದೆಯು ಈ ತಡೆಯನ್ನು ತೆಗೆದುಹಾಕಿತು. 1922ರಲ್ಲಿ ಕ್ಯಾರಿ ಮಾರಿಸನ್ ಮೊದಲನೆಯ ಮಹಿಳಾ ಸಾಲಿಸಿಟರಳಾದಳು. ಆದರೆ ಬೆಬ್ 1921ರಲ್ಲೇ ತೀರಿಕೊಂಡಿದ್ದಳು. ನಮ್ಮ ದೇಶದ ಕಾರ್ನೇಲಿಯಾ ಸೊರಾಬ್ಜಿಯವರ ಕಥೆಯೂ ಇಂಥದೇ. ನಾಸಿಕದಲ್ಲಿ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಇವರು 1892ರಲ್ಲೇ ಆಕ್ಸ್‌ಫರ್ಡಿನ ಕಾನೂನು ಪರೀಕ್ಷೆಯನ್ನು ಮುಗಿಸಿದರೂ ಪದವಿಯು ಕೈಗೆ ಬಂದದ್ದು ಮೂವತ್ತು ವರ್ಷಗಳ ಮೇಲೆ. ಇದನ್ನೆಲ್ಲ ಆ ಹುಡುಗಿಗೆ ಹೇಳಿದಾಗ ಆಕೆ ನಕ್ಕು, "ನನ್ನ ಫಲಿತಾಂಶಕ್ಕೆ ಐದು ವಾರವಾಯಿತೆಂದೇ ಅತ್ತಿದ್ದೆ" ಎಂದಳು.

ಈಗಿನ ಪರೀಕ್ಷಾಕ್ರಮವು 2021ರಲ್ಲಿ ಆರಂಭವಾಯಿತು. ಯಾವ ವಿಷಯದಲ್ಲಾದರೂ ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆ, ಎರಡು ಹಂತದ ಪರೀಕ್ಷೆ, ಎರಡು ವರ್ಷಗಳ ಕಾರ್ಯಾನುಭವ, ಶೀಲಪರೀಕ್ಷೆ ಇವು ನಾಲ್ಕೂ ಆಗಬೇಕು. ಹಿಂದೆ ಒಂದು ಸಂಸ್ಥೆಯು ತರಬೇತಿಗೆಂದು ಸೇರಿಸಿಕೊಳ್ಳದಿದ್ದರೆ ಎಷ್ಟು ಓದಿದ್ದರೂ ದಾರಿ ಅಲ್ಲಿಗೇ ಮುಗಿಯುತ್ತಿತ್ತು. ಈಗ ಅನುಭವವನ್ನು ನಾಲ್ಕು ಸಂಸ್ಥೆಗಳವರೆಗೆ ಹಂಚಿ ಪಡೆಯಬಹುದು. ಬೇರೆ ದೇಶದಲ್ಲಿ ಈಗಾಗಲೇ ವಕೀಲರಾದವರಿಗೆ ಈ ಅನುಭವದ ನಿಬಂಧನೆಯೇ ಇಲ್ಲ. ನಮ್ಮ ಹುಡುಗಿಯರಿಗೆ ಇದು ದೊಡ್ಡ ಅನುಕೂಲ.

ಮೊದಲನೆಯ ಹಂತದ ಎರಡು ಪತ್ರಿಕೆಗಳಲ್ಲಿ ಒಂದೊಂದಕ್ಕೂ 180 ಪ್ರಶ್ನೆಗಳು. ಪ್ರತಿಯೊಂದಕ್ಕೂ ಐದು ಉತ್ತರಗಳನ್ನು ಕೊಟ್ಟು ಅತ್ಯಂತ ಸಮಂಜಸವಾದದ್ದನ್ನು ಆರಿಸಲು ಹೇಳುತ್ತಾರೆ. ಪುಸ್ತಕ ನೋಡುವಂತಿಲ್ಲ. 90 ಪ್ರಶ್ನೆಗಳಿಗೆ 153 ನಿಮಿಷ, ಅಂದರೆ ಒಂದಕ್ಕೆ 102 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಕರಾರು, ಅಪಕೃತ್ಯ, ವ್ಯಾಪಾರಸಂಸ್ಥೆಗಳು, ದಾವೆಯ ಕ್ರಮ ಮೊದಲಾದುವು ಒಂದನೆಯದರಲ್ಲಿ; ಭೂಮಿ, ನ್ಯಾಸ, ಮರಣಶಾಸನ, ಕ್ರಿಮಿನಲ್ ಕಾನೂನು, ಸಾಲಿಸಿಟರರ ಲೆಕ್ಕಪತ್ರ ಇವು ಎರಡನೆಯದರಲ್ಲಿ ಬರುತ್ತವೆ. ವೃತ್ತಿಧರ್ಮದ ಪ್ರಶ್ನೆಗಳು ಎರಡರಲ್ಲೂ ಹರಡಿಕೊಂಡಿರುತ್ತವೆ.

ಹುಡುಗಿಯು ಸೋತದ್ದು ಎರಡನೆಯದರಲ್ಲಿ. ಮಾದರಿ ಪ್ರಶ್ನೆಗಳನ್ನು ಅವಳಿಂದಲೇ ಬಿಡಿಸಿ ನೋಡಿದೆವು. ಅವಳಿಗೆ ತಿಳಿಯದಿದ್ದ ನಿಯಮಗಳು ಸ್ವಲ್ಪವೇ. ಬೇರೆ ದೇಶದ್ದಾಗಿ ತಿಳಿದಿದ್ದ ನಿಯಮಗಳೇ ಅವಳನ್ನು ಕೆಡಿಸಿದ್ದವು.

ಒಂದು ಉದಾಹರಣೆ. ವೃದ್ಧೆಯೊಬ್ಬಳು ಮರಣಶಾಸನಕ್ಕೆ ಬೆಳಿಗ್ಗೆ ನೆರೆಯವಳೊಬ್ಬಳ ಎದುರಿಗೆ ಸಹಿ ಮಾಡುತ್ತಾಳೆ; ನೆರೆಯವಳು ಸಾಕ್ಷಿ ಹಾಕಿ ಹೊರಟುಹೋಗುತ್ತಾಳೆ. ಸಂಜೆ ಬಂದ ವೈದ್ಯನಿಗೆ ಇದು ತನ್ನ ಸಹಿಯೆಂದು ವೃದ್ಧೆ ಹೇಳಲು, ಆತನೂ ಸಾಕ್ಷಿ ಹಾಕುತ್ತಾನೆ. ಶಾಸನವು ಸಿಂಧುವೇ? ನಮ್ಮ 1925ರ ಉತ್ತರಾಧಿಕಾರ ಕಾಯಿದೆಯ 63ನೆಯ ಪ್ರಕರಣದಂತೆ ಇಬ್ಬರು ಸಾಕ್ಷಿಗಳು ಏಕಕಾಲಕ್ಕೆ ಹಾಜರಿರಬೇಕಾದ ಅಗತ್ಯವಿಲ್ಲ, ಆದುದರಿಂದ ಸಿಂಧು. ಇಂಗ್ಲೆಂಡಿನ 1837ರ ಕಾಯಿದೆಯ 9ನೆಯ ಪ್ರಕರಣದಂತೆ, ಸಹಿ ಮಾಡುವಾಗಲಾಗಲಿ ಅದನ್ನು ತನ್ನದೆಂದು ಒಪ್ಪುವಾಗಲಾಗಲಿ ಇಬ್ಬರೂ ಒಟ್ಟಿಗೆ ಎದುರಿಗಿರಬೇಕು; ಆದುದರಿಂದ ಅಸಿಂಧು. ಹುಡುಗಿಯು ಕ್ಷಣವೂ ತಡೆಯದೆ ಸಿಂಧುವೆಂದಳು.

ಕರಾರಿನಲ್ಲಿಯೂ ಹೀಗೆಯೇ. ಒಪ್ಪಿಗೆಯ ಪತ್ರವನ್ನು ಅಂಚೆಗೆ ಹಾಕಿದ ಕ್ಷಣವೇ ಕರಾರು ಹುಟ್ಟುತ್ತದೆಂದು 1818ರ ಆಡಮ್ಸ್ ಮತ್ತು ಲಿಂಡ್‌ಸೆಲ್ ಮೊಕದ್ದಮೆಯಿಂದ ಇಂಗ್ಲೆಂಡಿನಲ್ಲಿ ಸಾಮಾನ್ಯ ನಿಯಮವಾಗಿದೆ. ನಮ್ಮ 1872ರ ಕರಾರು ಕಾಯಿದೆಯಲ್ಲಾದರೋ, ಅಂಚೆಗೆ ಹಾಕಿದಾಗ ಕಟ್ಟುಬೀಳುವವನು ಪ್ರಸ್ತಾಪ ಮಾಡಿದವನು ಮಾತ್ರ. ಒಪ್ಪಿದವನು ಆ ಪತ್ರವು ಮುಟ್ಟುವ ಮೊದಲು ತನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು.

ಆದಕಾರಣ ಆಕೆಗೆ ಒಂದು ನೋಟುಪುಸ್ತಕವನ್ನು ಇಡಲು ಹೇಳಿದೆವು. ಎಡಪುಟದಲ್ಲಿ ಇಂಗ್ಲೆಂಡಿನ ನಿಯಮ, ಬಲಪುಟದಲ್ಲಿ ನಮ್ಮದು; ಭೇದವಿಲ್ಲದಿದ್ದರೆ ಬಲಪುಟ ಖಾಲಿ. ಪ್ರಶ್ನೆಯೊಂದನ್ನು ಬಿಡಿಸಿದ ಮೇಲೆ ಸರಿಯುತ್ತರ ಸಿಕ್ಕಿತೆಂದು ಮುಂದಕ್ಕೆ ಓಡದೆ, ಮಿಕ್ಕ ನಾಲ್ಕು ಏಕೆ ಸಲ್ಲವೆಂದು ಒಂದೊಂದು ವಾಕ್ಯದಲ್ಲಿ ಬರೆಯತಕ್ಕದ್ದು. ಇದು ಬೇಸರದ ಕೆಲಸ. ಆದರೆ ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾವು ಕಾಣೆವು. ಲೆಕ್ಕಪತ್ರಕ್ಕೆ ಹೆದರುವವರು ಕಕ್ಷಿಗಾರನ ಹಣವನ್ನು ಸಂಸ್ಥೆಯ ಹಣದೊಡನೆ ಬೆರೆಸಬಾರದೆಂಬ ಮೂಲಸೂತ್ರವನ್ನು ಹಿಡಿದು ಜಮಾಖರ್ಚನ್ನು ಕೈಯಾರೆ ಬರೆದು ಕಲಿಯಲಿ.

ಎರಡನೆಯ ಹಂತದಲ್ಲಿ ಹದಿನಾರು ಕಾರ್ಯಗಳಿವೆ. ಹನ್ನೆರಡು ಬರೆಯುವಂಥವು, ನಾಲ್ಕು ಮಾತಿನವು, ಅಂದರೆ ಕಕ್ಷಿಗಾರನಂತೆ ನಟಿಸುವವರೊಡನೆ ಸಂದರ್ಶನ ಮತ್ತು ನ್ಯಾಯಾಧೀಶರ ಮುಂದೆ ವಾದ, ತಲಾ ಎರಡೆರಡು. ಮೊದಲನೆಯ ಹಂತವನ್ನು ಭಾರತದಲ್ಲೇ ಬರೆಯಬಹುದಾದರೂ ಈ ಮಾತಿನ ಭಾಗಕ್ಕೆ ಇಂಗ್ಲೆಂಡಿಗೋ ವೇಲ್ಸಿಗೋ ಹೋಗಲೇಬೇಕು.

ಇನ್ನು ತಾಯಿತಂದೆಗಳಿಗೆ ಹಣದ ಮಾತು. ಎರಡು ಹಂತಗಳ ಶುಲ್ಕವೇ 4,500 ಪೌಂಡುಗಳನ್ನು ಮೀರುತ್ತದೆ. ಪ್ರಯಾಣ, ವಸತಿ ಬೇರೆ. ತರಬೇತಿಯ ತರಗತಿಗೆ ಸೇರಲೇಬೇಕೆಂಬ ನಿಯಮವಿಲ್ಲ. ಪರೀಕ್ಷೆಯನ್ನು ವಿಧಿಸುವ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯೇ ಪಠ್ಯಕ್ರಮವನ್ನೂ ಮಾದರಿ ಪ್ರಶ್ನೆಗಳನ್ನೂ ಉಚಿತವಾಗಿ ಒದಗಿಸಿದೆ. ಮೊದಲು ಅವನ್ನು ಕಾಲ ಹಿಡಿದು ಬಿಡಿಸಿ, ಆಮೇಲೆ ತರಗತಿಯ ಹಣದ ವಿಚಾರ ಮಾಡುವುದು ಲೇಸು. ಯಾಕಂದರೆ ಮೊದಲ ಸಲ ಕುಳಿತ ದಿನದಿಂದ ಆರು ವರ್ಷಗಳೊಳಗೆ ಒಂದೊಂದು ಪರೀಕ್ಷೆಗೂ ಮೂರೇ ಅವಕಾಶಗಳು. ರುಚಿ ನೋಡುವುದಕ್ಕೆಂದು ಒಮ್ಮೆ ಕುಳಿತು ಬರೋಣವೆಂಬುದು ಇಲ್ಲಿ ಸಲ್ಲದು.

ತೇರ್ಗಡೆಯಾದ ಪತ್ರಿಕೆಯನ್ನು ಮತ್ತೆ ಬರೆಯಬೇಕಾಗಿಲ್ಲವಾದ್ದರಿಂದ ನಮ್ಮ ಹುಡುಗಿಗೆ ಉಳಿದಿರುವುದು ಒಂದೇ ಪತ್ರಿಕೆ, ಎರಡು ಅವಕಾಶ. ಹೋದ ತಿಂಗಳು ಆಕೆ ನೋಟುಪುಸ್ತಕವನ್ನು ತಂದು ತೋರಿಸಿದಳು. ಮರಣಶಾಸನದ ಭಾಗದಲ್ಲಿ ಬಲಪುಟಗಳು ಬಹುಮಟ್ಟಿಗೆ ತುಂಬಿದ್ದುವು. ಭೂಮಿಯ ಭಾಗ ಇನ್ನೂ ಅರ್ಧಕ್ಕೆ ಬಂದಿತ್ತು. ತಂದೆಯವರು ಜೊತೆಗೆ ಬಂದಿದ್ದರು. ಈ ಸಲ ಅವರು ಏನನ್ನೂ ಕೇಳಲಿಲ್ಲ.