ಕಥೆಯ ಕೊನೆ

ನಮ್ಮ ಊರು ಹುಡಗಿ. ಹುಮನಾಬಾದಿಗೆ ಸಮೀಪದ ಊರು. ನಾನು ಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಸಿನಿಮಾ ನೋಡಲು ಹುಮನಾಬಾದಿಗೇ ಹೋಗಬೇಕಾಗಿತ್ತು. ಒಮ್ಮೆ ಕಾಕಾ ನನ್ನನ್ನು ‘ಬಂಗಾರದ ಮನುಷ್ಯ’ ಚಿತ್ರಕ್ಕೆ ಕರೆದೊಯ್ದರು. ಚಿತ್ರ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿರುವಾಗಲೇ, ಕೊನೆಯ ಬಸ್ಸು ತಪ್ಪೀತೆಂದು ನನ್ನ ಕೈಹಿಡಿದು ಎಬ್ಬಿಸಿದರು. ಮರುದಿನ ಸಹಪಾಠಿಯೊಬ್ಬನು ಉಳಿದ ಕಥೆಯನ್ನು ಹೇಳಿದನು. ಕೇಳಿ ತಿಳಿದುಕೊಂಡೆನಾದರೂ ನೋಡಿದ ತೃಪ್ತಿ ಉಂಟಾಗಲಿಲ್ಲ.

ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು 1972ರಲ್ಲಿ ನಿರ್ದೇಶಿಸಿದ ಚಿತ್ರವದು. ಭಾವನನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕೆ ರಾಜೀವನು ಆಸರೆಯಾಗುತ್ತಾನೆ. ಬಂಜರು ನೆಲವನ್ನು ಹಸನುಮಾಡಿ ಊರಿಗೇ ಮಾದರಿಯಾಗುತ್ತಾನೆ. ನಾನು ಬಹುಕಾಲ ಅದನ್ನು ದುಡಿಮೆಯ ಗೆಲುವಿನ ಕಥೆಯೆಂದೇ ನೆನೆಯುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ಪೂರ್ತಿಯಾಗಿ ನೋಡಿದೆ. ತಾನೇ ಸಾಕಿದ ಸೋದರಳಿಯನ ಸಂಶಯದ ಮಾತಿನಿಂದ ನೊಂದು ರಾಜೀವನು ಎಲ್ಲವನ್ನೂ ತೊರೆದು ಹೊರಟುಹೋಗುತ್ತಾನೆ. ಆ ಕೊನೆಯನ್ನು ಕಂಡ ಬಳಿಕ, ಮೊದಲು ನೋಡಿದ್ದ ಉಳುಮೆಯ ದೃಶ್ಯಗಳೂ ಬೇರೆಯಾಗಿ ತೋರಿದವು. ಅವು ತನಗಾಗಿ ಏನನ್ನೂ ಇಟ್ಟುಕೊಳ್ಳದವನ ದುಡಿಮೆಯಾಗಿದ್ದವು.

ನಮ್ಮ ಪ್ರಾಚೀನ ನಾಟ್ಯಶಾಸ್ತ್ರಕಾರರು ಇದನ್ನು ಅರಿತಿದ್ದರು. ಭರತಮುನಿಯು ಹೇಳುವ ಪಂಚಸಂಧಿಗಳಲ್ಲಿ ಕಡೆಯದು ನಿರ್ವಹಣಸಂಧಿ. ಮುಖಸಂಧಿಯಲ್ಲಿ ಬಿತ್ತಿದ ಬೀಜವೂ ಅಲ್ಲಿಂದ ಹರಡಿಕೊಂಡ ಸಂಗತಿಗಳೂ ಇಲ್ಲಿ ಒಂದೆಡೆ ಕೂಡಿಬರುತ್ತವೆ. ಹೊಡೆದಾಟವೆಲ್ಲ ಮುಗಿದ ಮೇಲೆ ಪೊಲೀಸರು ಬಂದು ಕೈಕೋಳ ತೊಡಿಸುವ ಮುಕ್ತಾಯವು ಪರದೆಯನ್ನು ಇಳಿಸುತ್ತದೆಯೇ ಹೊರತು ಏನನ್ನೂ ಕೂಡಿಸುವುದಿಲ್ಲ.

ಅದೇ ವರ್ಷ ತೆರೆಕಂಡ, ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರವನ್ನು ನೋಡಿರಿ. ಚಾಮಯ್ಯ ಮೇಷ್ಟ್ರು ತಮ್ಮ ಪ್ರೀತಿಯ ಶಿಷ್ಯ ರಾಮಾಚಾರಿಯನ್ನು ಒಪ್ಪಿಸಿ, ಅಲಮೇಲುವನ್ನು ಬಿಟ್ಟುಕೊಡುವಂತೆ ಮಾಡುತ್ತಾರೆ. ಆಗ ಅದು ಗುರುವಿನ ಹಿತವಚನದಂತೆಯೇ ಕೇಳಿಸುತ್ತದೆ. ಕೊನೆಯಲ್ಲಿ ಗುರುವು ಶಿಷ್ಯನ ಕೈಯಿಂದಲೇ ಬೆಟ್ಟದಿಂದ ಬಿದ್ದು ಸಾಯುತ್ತಾರೆ. ರಾಮಾಚಾರಿಯೂ ಮಾರ್ಗರೆಟ್ಟಳೂ ಅದೇ ದಾರಿ ಹಿಡಿಯುತ್ತಾರೆ. ಮೇಷ್ಟ್ರನ್ನು ಉಳಿಸಬಹುದಿತ್ತಲ್ಲ ಎಂದು ಹಲಬುವವರುಂಟು. ಅವರು ಉಳಿದಿದ್ದರೆ ಆ ಹಿತವಚನವನ್ನು ನಾವು ಮತ್ತೆ ತೂಗಿ ನೋಡುತ್ತಿದ್ದೆವೇ?

ನಮ್ಮ ನೆನಪೂ ಕೊನೆಗೇ ಹೆಚ್ಚು ಬೆಲೆ ಕೊಡುತ್ತದೆ. ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಅದರಲ್ಲಿ 32 ಜನರು ಒಮ್ಮೆ 14 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 60 ಸೆಕೆಂಡು ಕೈಯಿಟ್ಟರು. ಇನ್ನೊಮ್ಮೆ ಅಷ್ಟೇ ಹೊತ್ತು ಇಟ್ಟು, ಮೇಲೆ 30 ಸೆಕೆಂಡು, ನೀರು ಮೆಲ್ಲನೆ 15 ಡಿಗ್ರಿಗೆ ಏರುವವರೆಗೂ ಹಾಗೆಯೇ ಇಟ್ಟುಕೊಂಡರು. ಯಾವುದನ್ನು ಮತ್ತೆ ಮಾಡುವಿರಿ ಎಂದಾಗ 22 ಜನ ದೀರ್ಘವಾದುದನ್ನೇ ಆರಿಸಿದರು! ನೋವಿನ ಅವಧಿ ಹೆಚ್ಚಾಗಿದ್ದರೂ ಕೊನೆ ತುಸು ಹಗುರವಾಗಿದ್ದುದೇ ಅದಕ್ಕೆ ಕಾರಣ.

ಹಾಗಾದರೆ ಕೊನೆ ಮೊದಲೇ ತಿಳಿದಿದ್ದರೆ ರಸಭಂಗವಾಗುವುದೇ? ನಮ್ಮ ನೆರೆಯ ಬಸವಕಲ್ಯಾಣದ ಕಥೆಯೇ ಉತ್ತರ ಹೇಳುತ್ತದೆ. ಹರಳಯ್ಯ, ಮಧುವಯ್ಯರ ಮಕ್ಕಳ ಮದುವೆ, ಅದರ ಬೆನ್ನಿಗೆ ಬಂದ ಘೋರಶಿಕ್ಷೆ, ಶರಣರು ಕಲ್ಯಾಣವನ್ನು ತೊರೆದದ್ದು ನಮ್ಮ ಭಾಗದ ಮಕ್ಕಳಿಗೂ ಗೊತ್ತು. ಆದರೂ ಗಿರೀಶ ಕಾರ್ನಾಡರು 1990ರಲ್ಲಿ ‘ತಲೆದಂಡ’ ಬರೆದಾಗ ಜನ ಅದನ್ನು ಆಸಕ್ತಿಯಿಂದ ನೋಡಿದರು. ಕೊನೆಯನ್ನು ಬಲ್ಲವನಿಗೆ ಮದುವೆಯ ಮಾತಿನ ಸಂಭ್ರಮದಲ್ಲಿಯೇ ಎದೆ ನಡುಗುತ್ತದೆ. ಅರಿಯದವನಿಗೆ ಆ ನಡುಕವಿಲ್ಲ.

ಸಹಪಾಠಿಯ ಬಾಯಿಂದ ಕೇಳಿದ ಕೊನೆ ನನಗೇಕೆ ಸಾಲಲಿಲ್ಲವೆಂಬುದು ಈಗ ತಿಳಿಯುತ್ತದೆ. ಅವನು ಹೇಳಿದ್ದು ಸುದ್ದಿ ಮಾತ್ರ. ರಾಜೀವನು ಹೊರಟು ನಡೆಯುವಾಗ ಅವನ ಬೆನ್ನನ್ನು ನೋಡುತ್ತ ಕುಳಿತಿರುವ ಹೊತ್ತು ಅದರಲ್ಲಿರಲಿಲ್ಲ.

ಚಿತ್ರವನ್ನು ಪೂರ್ತಿಯಾಗಿ ನೋಡಿ ಊರಿಗೆ ಬಂದಾಗ ಕಾಕಾರಿಗೆ ಕಥೆಯ ಕೊನೆಯನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಅಂವ ಮತ್ತ ತಿರುಗಿ ಬರಲೇ ಇಲ್ಲೇನು?” ಎಂದು ಕೇಳಿದರು.

ಇಲ್ಲವೆಂದೆ.