ನಡಿಗೆಯ ಒಳಗುಟ್ಟು

ಮನುಷ್ಯನು ಮಾಡುವ ಕೆಲಸಗಳಲ್ಲಿ ನಡಿಗೆಯಷ್ಟು ಸಹಜವಾದುದು ಬೇರೊಂದಿಲ್ಲವೆಂದು ನಮಗೆ ತೋರುತ್ತದೆ. ಈಗ ಹಿಮ್ಮಡಿಯನ್ನು ಊರಬೇಕು, ಈಗ ಮೊಳಕಾಲನ್ನು ಮಡಿಸಬೇಕು ಎಂದು ಯೋಚಿಸುತ್ತ ಶಾಲೆಗೆ ಬರುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಈ ಸರಳ ಕ್ರಿಯೆಯ ಹಿಂದೆ ಹತ್ತಾರು ಸ್ನಾಯುಗಳು ಸರದಿಯಂತೆ ದುಡಿಯುತ್ತಿರುತ್ತವೆ. ಆ ಸರದಿ ತಪ್ಪಿದಾಗಲೇ ನಡಿಗೆಯ ಬೆಲೆ ತಿಳಿಯುವುದು.

ಒಂದು ಹಿಮ್ಮಡಿಯು ನೆಲವನ್ನು ಮುಟ್ಟಿದ ಕ್ಷಣದಿಂದ ಅದೇ ಹಿಮ್ಮಡಿಯು ಮತ್ತೆ ನೆಲವನ್ನು ಮುಟ್ಟುವವರೆಗಿನ ಅವಧಿಯನ್ನು ನಡಿಗೆಯ ಒಂದು ಆವರ್ತವೆನ್ನುತ್ತಾರೆ. ಇದು ಸುಮಾರು ಒಂದು ಸೆಕೆಂಡಿನ ಕಾಲ. ಇದರಲ್ಲಿ ನೂರಕ್ಕೆ 60 ಪಾಲು ಪಾದವು ನೆಲದ ಮೇಲಿರುತ್ತದೆ. ಉಳಿದ 40 ಪಾಲು ಗಾಳಿಯಲ್ಲಿ ಮುಂದಕ್ಕೆ ತೂಗುತ್ತದೆ. ಪಾದವು ನೆಲದ ಮೇಲಿರುವಾಗ ಮೀನಖಂಡದ ಸ್ನಾಯುಗಳು ದೇಹದ ಭಾರವನ್ನು ಹತೋಟಿಯಲ್ಲಿಡುತ್ತವೆ. ಪಾದವು ಮೇಲೆದ್ದೊಡನೆ ಅವು ವಿರಮಿಸುತ್ತವೆ. ಆಗ ಕಣಕಾಲಿನ ಮುಂಭಾಗದ ಸ್ನಾಯುವು ಬೆರಳುಗಳು ನೆಲಕ್ಕೆ ತಗಲದಂತೆ ಪಾದವನ್ನು ಎತ್ತಿಹಿಡಿಯುತ್ತದೆ. ಕೋಲಾಟದಲ್ಲಿ ಒಬ್ಬನು ಹೊತ್ತು ತಪ್ಪಿ ಕೋಲು ಬೀಸಿದರೆ ಇಡೀ ಆಟವೇ ಕೆಡುವಂತೆ, ಇಲ್ಲಿ ಒಂದು ಸ್ನಾಯುವು ಹೊತ್ತು ತಪ್ಪಿದರೂ ನಡಿಗೆ ಕೆಡುತ್ತದೆ.

ಸೆರೆಬ್ರಲ್ ಪಾಲ್ಸಿ ಎಂಬ ಸ್ಥಿತಿಯಲ್ಲಿ ಆಗುವುದು ಇದೇ. ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಎಳವೆಯಲ್ಲಿ ಮಿದುಳಿಗೆ ಒದಗಿದ ಹಾನಿಯೇ ಇದಕ್ಕೆ ಕಾರಣ. ಇದು ಅಂಟುಜಾಡ್ಯವಲ್ಲ, ಯಾರ ಪಾಪದ ಫಲವೂ ಅಲ್ಲ. ಮಿದುಳಿನ ಹಾನಿಯು ಹೆಚ್ಚುತ್ತ ಹೋಗುವುದಿಲ್ಲವಾದರೂ, ಮಗು ಬೆಳೆದಂತೆ ಬಿಗಿದ ಸ್ನಾಯುಗಳು ಮೂಳೆ ಕೀಲುಗಳ ರೂಪವನ್ನೇ ಬದಲಿಸಬಲ್ಲವು. 1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ ಅವರು ಇಂಥ ಮಕ್ಕಳ ವಿಷಯವಾಗಿ ಪ್ರಬಂಧವೊಂದನ್ನು ಓದಿದರು. ಅವರ ಪಾದವೂ ಬಾಲ್ಯದಿಂದ ಊನವಾಗಿತ್ತು. 1836ರಲ್ಲಿ ಜರ್ಮನಿಯ ವೈದ್ಯ ಸ್ಟ್ರೋಮೇಯರ್ ಅವರು ಶಸ್ತ್ರಕ್ರಿಯೆಯಿಂದ ಅದನ್ನು ಸರಿಪಡಿಸಿದ್ದರು.

ಈ ಸ್ಥಿತಿಯ ಹುಡುಗನೊಬ್ಬನು ಪಾದವನ್ನು ಒಳಕ್ಕೆ ತಿರುಚಿ ನಡೆಯುತ್ತಾನೆಂದು ಭಾವಿಸೋಣ. ಪಾದವನ್ನು ಹಾಗೆ ಸೆಳೆಯಬಲ್ಲ ಮುಖ್ಯ ಸ್ನಾಯುಗಳು ಎರಡು. ಒಂದು ಕಣಕಾಲಿನ ಮುಂಭಾಗದಲ್ಲಿದೆ. ಇನ್ನೊಂದು ಮೀನಖಂಡದ ಆಳದಲ್ಲಿ ಅಡಗಿದೆ. ತಪ್ಪಿತಸ್ಥ ಯಾವುದು? ಕಣ್ಣಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಊಹೆಯನ್ನು ನಂಬಿ ಒಂದರ ರಜ್ಜುವನ್ನು ಕತ್ತರಿಸಿ, ಆ ಊಹೆ ತಪ್ಪಾದರೆ, ಒಳ್ಳೆಯ ಸ್ನಾಯುವೂ ಕೆಟ್ಟಂತಾಯಿತು. ಕೊಯ್ದುದನ್ನು ಮೊದಲಿನಂತೆ ಮಾಡುವುದು ಸುಲಭವಲ್ಲ.

ಈ ಒಗಟನ್ನು ಬಿಡಿಸಲು ಸ್ನಾಯುಗಳೇ ಸಾಕ್ಷಿ ನುಡಿಯುತ್ತವೆ. ಸ್ನಾಯುವು ಸಂಕುಚಿಸುವಾಗ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಚರ್ಮದ ಮೇಲೆ ಅದರ ಪ್ರಮಾಣವು ಕೆಲವು ಮಿಲಿವೋಲ್ಟುಗಳನ್ನು ಮೀರದು. ಚರ್ಮಕ್ಕೆ ಅಂಟಿಸಿದ ವಿದ್ಯುದಗ್ರಗಳಿಂದ ಅದನ್ನು ಹಿಡಿದು, ಸಾವಿರ ಪಟ್ಟು ಹಿಗ್ಗಿಸಿ, ಗೆರೆಗಳಾಗಿ ದಾಖಲಿಸುವ ವಿಧಾನಕ್ಕೆ ಎಲೆಕ್ಟ್ರೋಮಯೋಗ್ರಫಿ ಎಂದು ಹೆಸರು. ಆಳದ ಸ್ನಾಯುವಿಗೆ ಈ ಕ್ರಮ ಸಾಲದು. ಅದರೊಳಕ್ಕೆ ಸೂಜಿಯ ಮೂಲಕ ಕೂದಲಿಗಿಂತ ತೆಳುವಾದ ತಂತಿಗಳನ್ನು ಸೇರಿಸಿ, ಸೂಜಿಯನ್ನು ಹೊರತೆಗೆದು, ಮಗುವನ್ನು ನಡೆಸಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದ ರಾಂಚೋ ಲೋಸ್ ಅಮಿಗೋಸ್ ಆಸ್ಪತ್ರೆಯಲ್ಲಿ ಈ ಕಾರ್ಯವನ್ನು ಬೆಳೆಸಿದವರಲ್ಲಿ ಡಾ. ಜಾಕ್ವೆಲಿನ್ ಪೆರಿ (1918–2013) ಪ್ರಮುಖರು. ಮೊದಲು ಅಂಗಸಾಧನೆಯ ಚಿಕಿತ್ಸಕಿಯಾಗಿದ್ದು, ಅನಂತರ ಶಸ್ತ್ರವೈದ್ಯೆಯಾದವರು ಅವರು. ಸೆರೆಬ್ರಲ್ ಪಾಲ್ಸಿಯ ಮಕ್ಕಳಲ್ಲಿ ರಜ್ಜುಗಳನ್ನು ಸ್ಥಳಾಂತರಿಸುವ ಮೊದಲು ಈ ಪರೀಕ್ಷೆಯು ಹೇಗೆ ದಾರಿತೋರಬಲ್ಲದೆಂಬುದನ್ನು 1977ರಲ್ಲಿ ಅವರೂ ಡಾ. ಹಾಫರ್ ಅವರೂ ಪ್ರಕಟಿಸಿದರು. ಆಳದ ಸ್ನಾಯುವು ಪಾದ ಗಾಳಿಯಲ್ಲಿರುವಾಗ ಮಾತ್ರ ದುಡಿಯುತ್ತಿದ್ದರೆ, ಅದರ ರಜ್ಜುವನ್ನು ಮುಂಭಾಗಕ್ಕೆ ತಂದು ಪಾದವನ್ನು ಎತ್ತಲು ಬಳಸಿಕೊಳ್ಳಬಹುದು. ಎಡೆಬಿಡದೆ ದುಡಿಯುವ ಸ್ನಾಯುವನ್ನು ಹಾಗೆ ಇಡಿಯಾಗಿ ಸಾಗಿಸಿದರೆ, ಪಾದವು ಎದುರು ಬದಿಗೆ ವಾಲುವ ಅಪಾಯವುಂಟು. ಹೀಗೆ, ಶಕ್ತಿಯನ್ನು ಕಳೆಯುವುದಕ್ಕಿಂತ ಅದಕ್ಕೆ ತಕ್ಕ ಕೆಲಸವನ್ನು ಹುಡುಕಿಕೊಡುವುದೇ ಚಿಕಿತ್ಸೆಯ ಜಾಣ್ಮೆಯಾಯಿತು.

ಆದರೆ ಈ ಗೆರೆಗಳು ಸರ್ವಜ್ಞವಲ್ಲ. ಸ್ನಾಯುವು ಯಾವಾಗ ದುಡಿಯುತ್ತದೆಂಬುದನ್ನು ಅವು ತಿಳಿಸುತ್ತವೆ. ಎಷ್ಟು ಬಲದಿಂದ ಎಳೆಯುತ್ತದೆಂಬುದನ್ನು ನೇರವಾಗಿ ತಿಳಿಸಲಾರವು. ನೆರೆಯ ಸ್ನಾಯುವಿನ ವಿದ್ಯುತ್ತೂ ಕೆಲವೊಮ್ಮೆ ಬೆರೆಯುತ್ತದೆ. ಬಿಗಿತದಿಂದ ಗಿಡ್ಡವಾದ ರಜ್ಜುವು ವಿದ್ಯುತ್ತಿಲ್ಲದೆಯೂ ಪಾದವನ್ನು ಸೆಳೆದಿರಬಹುದು. ಆದುದರಿಂದ ವೈದ್ಯರು ಕ್ಯಾಮೆರಾ, ನೆಲದ ಒತ್ತಡವನ್ನು ಅಳೆಯುವ ಹಲಗೆ, ತಮ್ಮ ಅನುಭವದ ಕೈ ಇವೆಲ್ಲವುಗಳ ಸಾಕ್ಷ್ಯವನ್ನೂ ಕೂಡಿಸಿ ನಿರ್ಣಯಿಸುತ್ತಾರೆ.

ತಂತಿಗಳನ್ನು ಹೊತ್ತು ನಡೆಯುವ ಮಗುವಿಗೆ ಅಳುಕಿರುತ್ತದೆ, ನೋವಿರುತ್ತದೆ. ಹೆದರಿದ ಮಗುವಿನ ನಡಿಗೆಯು ಅದರ ನಿಜವಾದ ನಡಿಗೆಯಲ್ಲ. ಆದುದರಿಂದ ಅಳತೆಗೆ ಮೊದಲು ಮಗುವಿನ ವಿಶ್ವಾಸವನ್ನು ಗಳಿಸಬೇಕಾಗುತ್ತದೆ. ಯಂತ್ರವು ಸ್ನಾಯುವಿನ ಮಾತನ್ನು ಕೇಳಬಲ್ಲದು. ಮಗುವಿನ ಮಾತನ್ನು ಮನುಷ್ಯನೇ ಕೇಳಬೇಕು. ನಮ್ಮೊಡನೆ ತಡವರಿಸುತ್ತ ನಡೆಯುವ ಗೆಳೆಯನಿದ್ದರೆ, ಅವನ ಒಂದೊಂದು ಹೆಜ್ಜೆಯ ಹಿಂದೆಯೂ ಎಷ್ಟು ದುಡಿಮೆಯಿದೆಯೆಂಬುದನ್ನು ನೆನೆಯೋಣ. ನಮ್ಮ ಹೆಜ್ಜೆಯನ್ನು ತುಸು ನಿಧಾನಗೊಳಿಸೋಣ.

ಅಭ್ಯಾಸ
1. ನಡಿಗೆಯ ಒಂದು ಆವರ್ತವೆಂದರೇನು?
2. ಶಸ್ತ್ರಕ್ರಿಯೆಗೆ ಮೊದಲು ಸ್ನಾಯುಗಳ ಪರೀಕ್ಷೆ ಏಕೆ ಅಗತ್ಯ?
3. 'ಈ ಗೆರೆಗಳು ಸರ್ವಜ್ಞವಲ್ಲ' – ಈ ಮಾತನ್ನು ವಿವರಿಸಿರಿ.