ಹನ್ನೆರಡು ಜನರ ತೀರ್ಪು

(ಆಶಯ: ಒಬ್ಬರ ವಿಷಯ ಸರಿಯಾಗಿ ತಿಳಿಯುವ ಮೊದಲೇ ಅವರ ಬಗ್ಗೆ ಮನಸ್ಸಿನಲ್ಲಿ ಮಾಡಿಕೊಳ್ಳುವ ಅಭಿಪ್ರಾಯಕ್ಕೆ ಪೂರ್ವಗ್ರಹ ಎನ್ನುತ್ತಾರೆ. ಅದು ತೀರ್ಮಾನವನ್ನು ಹೇಗೆ ಕೆಡಿಸುತ್ತದೆ, ಎಲ್ಲರೂ ಕೂಡಿ ವಿಚಾರ ಮಾಡಿದರೆ ಅದನ್ನು ಹೇಗೆ ತಿದ್ದಬಹುದು ಎಂಬುದನ್ನು ಒಂದು ಪ್ರಸಿದ್ಧ ನಾಟಕದ ಕಥೆಯಿಂದ ತಿಳಿಯೋಣ.)

ಮಕ್ಕಳೇ, ನಿಮ್ಮ ತರಗತಿಯಲ್ಲಿ ಒಬ್ಬರ ಕಂಪಾಸ್ ಪೆಟ್ಟಿಗೆ ಕಾಣೆಯಾಗಿದೆ ಎಂದು ತಿಳಿಯಿರಿ. “ಹಿಂದಿನ ಸಾಲಿನ ಆ ಹೊಸ ಹುಡುಗನೇ ತೆಗೆದುಕೊಂಡಿರಬೇಕು” ಎಂದು ಒಬ್ಬನು ಹೇಳುತ್ತಾನೆ. ಆ ಹುಡುಗ ಬೇರೆ ಊರಿನಿಂದ ಬಂದವನು. ಅವನ ಅಂಗಿ ಹರಿದಿದೆ. “ಹೌದು, ಅವನೇ!” ಎಂದು ಹತ್ತು ದನಿಗಳು ಕೂಡುತ್ತವೆ. ಅವನು ತೆಗೆದುಕೊಂಡದ್ದನ್ನು ಕಂಡವರು ಯಾರು? ಒಬ್ಬರೂ ಇಲ್ಲ. ಆದರೂ ತೀರ್ಪು ಆಗಿಹೋಯಿತು!

ಕಂಪಾಸ್ ಪೆಟ್ಟಿಗೆಯ ಮಾತು ಇರಲಿ. ಒಬ್ಬ ಹುಡುಗನ ಜೀವವೇ ಇಂಥ ಮಾತಿನ ಮೇಲೆ ನಿಂತಿದ್ದರೆ ಏನಾದೀತು? ಅಮೆರಿಕದ ಲೇಖಕ ರೆಜಿನಾಲ್ಡ್ ರೋಸ್ ಅವರು ಈ ವಿಷಯವನ್ನು ಕುರಿತು ‘ಟ್ವೆಲ್ವ್ ಆಂಗ್ರಿ ಮೆನ್’ ಎಂಬ ನಾಟಕ ಬರೆದರು. ‘ಸಿಟ್ಟಾದ ಹನ್ನೆರಡು ಜನ’ ಎಂದು ಅದರ ಅರ್ಥ. 1954ರಲ್ಲಿ ಅದು ಅಲ್ಲಿಯ ಟೆಲಿವಿಷನ್‌ನಲ್ಲಿ ಪ್ರಸಾರವಾಯಿತು. 1957ರಲ್ಲಿ ಸಿಡ್ನಿ ಲ್ಯೂಮೆಟ್ ಅವರ ನಿರ್ದೇಶನದಲ್ಲಿ ಚಲನಚಿತ್ರವಾಗಿ ಬಂದಿತು.

ಅಮೆರಿಕದಲ್ಲಿ ದೊಡ್ಡ ಅಪರಾಧಗಳ ವಿಚಾರಣೆಗೆ ಜ್ಯೂರಿ ಎಂಬ ಪದ್ಧತಿ ಇದೆ. ಊರಿನ ಸಾಮಾನ್ಯ ನಾಗರಿಕರಲ್ಲಿ ಕೆಲವರನ್ನು ಆರಿಸಿ ನ್ಯಾಯಾಲಯದಲ್ಲಿ ಕೂರಿಸುತ್ತಾರೆ. ಅವರು ಸಾಕ್ಷಿಗಳ ಮಾತನ್ನೆಲ್ಲ ಕೇಳಿ, ಆಮೇಲೆ ಒಂದು ಕೋಣೆಯಲ್ಲಿ ಸೇರಿ ಚರ್ಚಿಸುತ್ತಾರೆ. ಆರೋಪಿಯು ಅಪರಾಧಿಯೋ ಅಲ್ಲವೋ ಎಂಬುದನ್ನು ಅವರೇ ಹೇಳಬೇಕು. ಅಪರಾಧದ ಬಗ್ಗೆ ತಕ್ಕ ಕಾರಣವುಳ್ಳ ಸಂದೇಹ ಉಳಿದರೆ, ಅವನನ್ನು ಅಪರಾಧಿ ಎನ್ನುವಂತಿಲ್ಲ.

ಚಲನಚಿತ್ರದ ಕಥೆ ನಡೆಯುವುದು ನ್ಯೂಯಾರ್ಕ್ ನಗರದಲ್ಲಿ. ಕೊಳೆಗೇರಿಯಲ್ಲಿ ಬೆಳೆದ ಹದಿನೆಂಟು ವರ್ಷದ ಹುಡುಗನೊಬ್ಬ ತನ್ನ ತಂದೆಯನ್ನು ಚೂರಿಯಿಂದ ಇರಿದು ಕೊಂದನೆಂಬುದು ಆರೋಪ. ಅಪರಾಧ ಸಿದ್ಧವಾದರೆ ಅವನಿಗೆ ಮರಣದಂಡನೆ. ಹನ್ನೆರಡು ಜನ ಸದಸ್ಯರು ಕೋಣೆಗೆ ಬರುತ್ತಾರೆ. ಹೊರಗಿನಿಂದ ಬಾಗಿಲಿಗೆ ಬೀಗ ಬೀಳುತ್ತದೆ. ಕಡು ಬೇಸಿಗೆ, ಎಲ್ಲರೂ ಬೆವರುತ್ತಿದ್ದಾರೆ. ಹನ್ನೆರಡೂ ಜನ ಒಂದೇ ತೀರ್ಮಾನಕ್ಕೆ ಬರಬೇಕು. ಅವರನ್ನು ನಾವು ಗುರುತಿಸುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ.

ಮೊದಲು ಕೈ ಎತ್ತಿ ಮತ ಹಾಕುತ್ತಾರೆ. ‘ಅಪರಾಧಿ’ ಎಂದು ಕೆಲವರ ಕೈಗಳು ಥಟ್ಟನೆ ಮೇಲೇಳುತ್ತವೆ. ಉಳಿದವರು ಅತ್ತಿತ್ತ ನೋಡಿ, ಮೆಲ್ಲಗೆ ತಮ್ಮ ಕೈಗಳನ್ನೂ ಎತ್ತುತ್ತಾರೆ. ಇದನ್ನು ನೀವು ಗಮನಿಸಬೇಕು: ಅವರಲ್ಲಿ ಎಷ್ಟು ಜನ ತಾವೇ ಯೋಚಿಸಿದ್ದರು? ಎಷ್ಟು ಜನ ಪಕ್ಕದವರ ಕೈ ನೋಡಿದರು? ಎಣಿಸಿದಾಗ ಹನ್ನೊಂದು ಕೈಗಳಾದವು. ಎಂಟನೆಯ ಸದಸ್ಯನೊಬ್ಬ ಮಾತ್ರ ಕೈ ಎತ್ತಲಿಲ್ಲ.

ಕೆಲವರು ಅವನ ಮೇಲೆ ರೇಗಿದರು. ಹುಡುಗ ನಿರಪರಾಧಿ ಎಂದು ಅವನು ಹೇಳಲೇ ಇಲ್ಲ. ಒಂದು ಜೀವದ ಪ್ರಶ್ನೆ ಇದು. ಮಾತನಾಡದೆ ಕೈ ಎತ್ತುವುದು ಸರಿಯಲ್ಲ, ಸ್ವಲ್ಪ ಹೊತ್ತು ವಿಚಾರ ಮಾಡೋಣ ಎಂಬುದಷ್ಟೇ ಅವನ ಬೇಡಿಕೆ.

ಚರ್ಚೆ ಆರಂಭವಾಯಿತು. ಕೊಲೆಯಾದ ಸ್ಥಳದಲ್ಲಿ ಸಿಕ್ಕ ಚೂರಿ ಬಹಳ ಅಪರೂಪದ್ದು, ಅಂಥದು ಆ ಹುಡುಗನ ಬಳಿ ಮಾತ್ರ ಇತ್ತು ಎಂದು ಎಲ್ಲರೂ ನಂಬಿದ್ದರು. ಎಂಟನೆಯವನು ತನ್ನ ಜೇಬಿನಿಂದ ಥೇಟು ಅಂಥದೇ ಚೂರಿ ತೆಗೆದು ಮೇಜಿನ ಮೇಲೆ ನಾಟಿದ! ಹುಡುಗನ ಮನೆಯ ಹತ್ತಿರದ ಅಂಗಡಿಯಲ್ಲೇ ಅದನ್ನು ಕೊಂಡಿದ್ದ.

ಆದರೂ ಉಳಿದವರು ಒಪ್ಪಲಿಲ್ಲ. ಆಗ ಅವನು ಒಂದು ಸೂಚನೆ ಇಟ್ಟ: “ನೀವು ಹನ್ನೊಂದು ಜನ ಚೀಟಿಯಲ್ಲಿ ಗುಟ್ಟಾಗಿ ಮತ ಹಾಕಿರಿ. ಎಲ್ಲರೂ ಅಪರಾಧಿ ಎಂದರೆ ನಾನೂ ಒಪ್ಪುತ್ತೇನೆ.” ಚೀಟಿಗಳನ್ನು ಬಿಡಿಸಿದಾಗ ಒಂದರಲ್ಲಿ ‘ಅಪರಾಧಿಯಲ್ಲ’ ಎಂದಿತ್ತು. ಅದನ್ನು ಬರೆದವರು ಎಲ್ಲರಿಗಿಂತ ಹಿರಿಯರಾದ ಒಂಬತ್ತನೆಯ ಸದಸ್ಯರು. ಎಲ್ಲರ ಎದುರಿಗೆ ಒಬ್ಬನೇ ನಿಲ್ಲುವುದು ಸುಲಭವಲ್ಲ, ಅವನ ಮಾತನ್ನು ಇನ್ನಷ್ಟು ಕೇಳೋಣ ಎಂದು ಅವರಿಗೆ ಅನಿಸಿತ್ತು.

ಮುಂದೆ ಸಾಕ್ಷಿಗಳ ಮಾತನ್ನು ಒಂದೊಂದಾಗಿ ಪರೀಕ್ಷಿಸಿದರು. ಕೆಳಗಿನ ಮನೆಯ ಮುದುಕನೊಬ್ಬ, ತಾನು ಕೂಗಾಟವನ್ನು ಕೇಳಿ ಹದಿನೈದು ಸೆಕೆಂಡುಗಳಲ್ಲಿ ಬಾಗಿಲಿಗೆ ಬಂದು ಹುಡುಗ ಓಡುವುದನ್ನು ಕಂಡೆ ಎಂದಿದ್ದ. ಆದರೆ ಅವನು ಕಾಲೆಳೆದು ನಡೆಯುವವನು. ಎಂಟನೆಯವನು ಕೋಣೆಯಲ್ಲೇ ಅಷ್ಟು ದೂರವನ್ನು ಹಾಗೆಯೇ ನಡೆದು ತೋರಿಸಿದ. ನಲವತ್ತೊಂದು ಸೆಕೆಂಡು ಬೇಕಾಯಿತು! ಅಲ್ಲದೆ ಆ ಹೊತ್ತಿಗೆ ಕಿಟಕಿಯ ಪಕ್ಕದಲ್ಲೇ ರೈಲು ಹೋಗುತ್ತಿತ್ತು. ಆ ಸದ್ದಿನಲ್ಲಿ ಕೂಗು ಕೇಳಿಸೀತೇ?

ಎದುರು ಮನೆಯ ಹೆಂಗಸು ಕೊಲೆಯನ್ನು ಕಣ್ಣಾರೆ ಕಂಡೆ ಎಂದಿದ್ದಳು. ಅವಳ ಮೂಗಿನ ಎರಡೂ ಬದಿಯಲ್ಲಿ ಕನ್ನಡಕದ ಗುರುತುಗಳಿದ್ದುದು ಒಂಬತ್ತನೆಯವರಿಗೆ ನೆನಪಾಯಿತು. ರಾತ್ರಿ ಹಾಸಿಗೆಯಲ್ಲಿ ಮಲಗಿದ್ದವಳು ಕನ್ನಡಕ ಹಾಕಿಕೊಂಡಿದ್ದಳೇ? ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆ ಇಲ್ಲಿ ಎಷ್ಟು ಸರಿಯಾಗಿ ಒಪ್ಪುತ್ತದೆ, ನೋಡಿರಿ.

ಹಾಗಾದರೆ ಆ ಹನ್ನೊಂದು ಜನ ಕೆಟ್ಟವರೇ? ಅಲ್ಲ. ಏಳನೆಯವನಿಗೆ ಆಟ ನೋಡಲು ಹೋಗುವ ಅವಸರ, ಟಿಕೆಟು ಜೇಬಿನಲ್ಲಿತ್ತು. ಕೆಲವರಿಗೆ ಎಲ್ಲರಂತೆ ಇದ್ದುಬಿಡುವುದೇ ಹಿತ. ಮೂರನೆಯವನ ಸ್ವಂತ ಮಗ ಜಗಳವಾಡಿ ಮನೆ ಬಿಟ್ಟು ಹೋಗಿದ್ದ. ಆ ನೋವನ್ನು ಅವನು ಈ ಹುಡುಗನ ಮೇಲೆ ಹೊರಿಸಿದ್ದ. ಹತ್ತನೆಯವನಿಗಂತೂ ಕೊಳೆಗೇರಿಯವರೆಂದರೆ ಎಲ್ಲರೂ ಸುಳ್ಳುಗಾರರು, ಕೇಡಿಗರು. ಐದನೆಯವನು ಬೆಳೆದದ್ದೂ ಅಂಥ ಕೇರಿಯಲ್ಲೇ. ಆ ಮಾತು ಅವನ ಎದೆಗೆ ಚುಚ್ಚಿತು.

ಕೊನೆಗೊಮ್ಮೆ ಹತ್ತನೆಯವನು ಆ ಜನರನ್ನೆಲ್ಲ ಹೀನಾಯವಾಗಿ ಜರಿಯತೊಡಗಿದ. ಆಗ ಯಾರೂ ಅವನೊಡನೆ ವಾದಿಸಲಿಲ್ಲ. ಒಬ್ಬೊಬ್ಬರಾಗಿ ಮೇಜು ಬಿಟ್ಟು ಎದ್ದು ಅವನಿಗೆ ಬೆನ್ನು ತಿರುಗಿಸಿದರು. ಅವನ ಮಾತು ತಾನಾಗಿ ನಿಂತುಹೋಯಿತು.

ಮತಗಳು ಮೆಲ್ಲಮೆಲ್ಲನೆ ಬದಲಾದವು. ಕಡೆಗೆ ಮೂರನೆಯವನೊಬ್ಬನೇ ಎದುರು ಉಳಿದ. ಅವನ ಮಾತನ್ನೂ ಎಲ್ಲರೂ ಕೇಳಿದರು. ಸಿಟ್ಟಿನಲ್ಲಿ ತನ್ನ ಮಗನ ಚಿತ್ರವನ್ನು ಹರಿದ ಅವನು, ಮರುಕ್ಷಣವೇ ಬಿಕ್ಕಿ ಅತ್ತು ‘ಅಪರಾಧಿಯಲ್ಲ’ ಎಂದ. ಎಲ್ಲರೂ ಹೊರಟಾಗ ಅವನ ಕೋಟನ್ನು ತಂದು ತೊಡಿಸಿದವನು ಯಾರು ಗೊತ್ತೇ? ಎಂಟನೆಯವನು!

ನಿಜವಾಗಿ ಕೊಲೆ ಮಾಡಿದವರು ಯಾರೆಂಬುದು ಕಥೆಯಲ್ಲಿ ಕೊನೆಯವರೆಗೂ ತಿಳಿಯುವುದಿಲ್ಲ. ಸಂದೇಹ ಉಳಿದಿರುವಾಗ ಒಂದು ಜೀವವನ್ನು ತೆಗೆಯಬಾರದು ಎಂಬುದನ್ನು ಮಾತ್ರ ಅವರು ಕಂಡುಕೊಂಡರು. ಹೆಚ್ಚು ಜನ ಹೇಳಿದರೆಂದು ಮಾತು ನಿಜವಾಗುವುದಿಲ್ಲ. ಒಬ್ಬನೇ ಹೇಳಿದನೆಂದೂ ನಿಜವಾಗುವುದಿಲ್ಲ. ಕೇಳಿ, ಪರೀಕ್ಷಿಸಿ, ಒರೆಗೆ ಹಚ್ಚಿದ ಮೇಲೆ ನಿಲ್ಲುವುದೇ ನಿಜ.

1986ರಲ್ಲಿ ಬಾಸು ಚಟರ್ಜಿ ಅವರು ಇದೇ ಕಥೆಯನ್ನು ‘ಏಕ್ ರುಕಾ ಹುವಾ ಫೈಸಲಾ’ ಎಂಬ ಹಿಂದಿ ಚಿತ್ರವಾಗಿ ಮಾಡಿದರು. ನಮ್ಮ ದೇಶದಲ್ಲಿಯೂ ಹಿಂದೆ ಜ್ಯೂರಿ ಪದ್ಧತಿ ಇತ್ತು. ಈಗ ಅಪರಾಧದ ಮೊಕದ್ದಮೆಗಳಲ್ಲಿ ನ್ಯಾಯಾಧೀಶರೇ ತೀರ್ಪು ಕೊಡುತ್ತಾರೆ. ಆದರೆ ಮನೆಯಲ್ಲಿ, ಆಟದ ಬಯಲಿನಲ್ಲಿ, ತರಗತಿಯಲ್ಲಿ ನಾವು ದಿನವೂ ಒಬ್ಬರ ಬಗ್ಗೆ ಒಬ್ಬರು ತೀರ್ಪು ಕೊಡುತ್ತಲೇ ಇರುತ್ತೇವೆ. ಕೈ ಎತ್ತುವ ಮೊದಲು ಒಂದು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಿರಿ.

ಶಬ್ದಾರ್ಥ

ಆರೋಪಿ – ತಪ್ಪು ಮಾಡಿದನೆಂದು ದೂರಿಗೆ ಒಳಗಾದವನು
ಸಿದ್ಧವಾಗು – ಸಾಕ್ಷಿಗಳಿಂದ ನಿಜವೆಂದು ತೋರು
ಹೀನಾಯವಾಗಿ – ಕೀಳಾಗಿ
ಜರಿ – ನಿಂದಿಸು
ಒರೆಗೆ ಹಚ್ಚು – ಸರಿಯಾಗಿ ಪರೀಕ್ಷಿಸು

ಸ್ವಾಧ್ಯಾಯ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪೂರ್ವಗ್ರಹ ಎಂದರೇನು?
2. ಮೊದಲ ಸಲ ಕೈ ಎತ್ತದೆ ಇದ್ದವನು ಯಾರು?
3. ಮುದುಕನ ನಡಿಗೆಯ ಪರೀಕ್ಷೆಯಲ್ಲಿ ಎಷ್ಟು ಸೆಕೆಂಡು ಬೇಕಾಯಿತು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗುಟ್ಟಿನ ಮತದಲ್ಲಿ ಒಬ್ಬರು ಮತ ಬದಲಿಸಿದ್ದೇಕೆ?
2. ಎದುರು ಮನೆಯ ಹೆಂಗಸಿನ ಮಾತಿನಲ್ಲಿ ಸಂದೇಹ ಬಂದದ್ದು ಹೇಗೆ?
3. ಎಂಟನೆಯವನು ಮೂರನೆಯವನಿಗೆ ಕೋಟು ತೊಡಿಸಿದ್ದು ಏನನ್ನು ತೋರಿಸುತ್ತದೆ?

ಇ) ವಿರುದ್ಧಾರ್ಥಕ ಶಬ್ದ ಬರೆಯಿರಿ.
ನ್ಯಾಯ, ಅಪರಾಧಿ, ಅಪರೂಪ, ಹಿರಿಯ

ಈ) ಸ್ವಂತ ವಾಕ್ಯದಲ್ಲಿ ಉಪಯೋಗಿಸಿರಿ.
ಕಣ್ಣಾರೆ ಕಾಣು, ಬೆನ್ನು ತಿರುಗಿಸು, ಒರೆಗೆ ಹಚ್ಚು

ಉಪಕ್ರಮ: ತರಗತಿಯಲ್ಲಿ ತೀರ್ಮಾನಿಸಬೇಕಾದ ಒಂದು ವಿಷಯವನ್ನು ಆರಿಸಿರಿ. ಮೊದಲು ಕೈ ಎತ್ತಿ, ಆಮೇಲೆ ಚೀಟಿ ಬರೆದು ಮತ ಹಾಕಿರಿ. ಕೊನೆಗೆ ಎಲ್ಲರೂ ಚರ್ಚಿಸಿ ಮತ್ತೊಮ್ಮೆ ಮತ ಹಾಕಿರಿ. ಮೂರು ಸಲವೂ ಬಂದ ಮತಗಳನ್ನು ಫಲಕದ ಮೇಲೆ ಬರೆದು, ವ್ಯತ್ಯಾಸವಿದ್ದರೆ ಅದಕ್ಕೆ ಕಾರಣವೇನೆಂದು ಗುರುಗಳೊಡನೆ ಮಾತನಾಡಿರಿ.